ಕಿವಿಯೊಳಗಿನ ಸಾಣೆ

"ಕತ್ತೆಗೂ ಎರಡು ಕಿವಿ ಇರ್ತವೆ ಕಣೋ. ಕರೆದ್ರೆ ತಿರುಗಿಯಾದ್ರೂ ನೋಡುತ್ತೆ. ನಿನ್ನವು ಇರೋದು ಯಾತಕ್ಕೆ, ಪೆನ್ಸಿಲ್ ಸಿಕ್ಕಿಸ್ಕೊಳ್ಳೋಕಾ?"

ಮೇಸ್ತ್ರಿ ಈ ಮಾತು ಆಡಿದ್ದು ಸಾಣೆ ಶೆಡ್ಡಿನ ನಟ್ಟನಡುವೆ ನಿಂತು, ಅದೂ ಚಹಾದ ಹೊತ್ತಿಗೆ ಯಂತ್ರಗಳೆಲ್ಲ ನಿಂತಿದ್ದಾಗ. ಯಂತ್ರ ಓಡುತ್ತಿದ್ದರೆ ಅರ್ಧ ಮಾತು ಗದ್ದಲದಲ್ಲಿ ಮುಳುಗಿ ಹೋಗುತ್ತಿತ್ತು. ಈಗ ಒಂದಕ್ಷರವೂ ಪೋಲಾಗಲಿಲ್ಲ. ಕೆಲಸದವರು ಲೋಟ ಹಿಡಿದುಕೊಂಡೇ ನಕ್ಕರು. ಕಾಗದ ಕತ್ತರಿಸುವ ಅಲಗನ್ನು ಸಾಣೆಗೆ ಕೊಟ್ಟು ಬಾಗಿಲ ಬಳಿ ಕಾಯುತ್ತಿದ್ದ ಪ್ರೆಸ್ಸಿನವರಿಬ್ಬರು ನಗಬೇಕೋ ಬೇಡವೋ ತಿಳಿಯದೆ ಒಬ್ಬರ ಮುಖ ಒಬ್ಬರು ನೋಡಿ, ಕೊನೆಗೆ ನಕ್ಕೇಬಿಟ್ಟರು.

ಬೈಸಿಕೊಂಡವನನ್ನು ಶೆಡ್ಡಿನಲ್ಲಿ ಕಿಡಿ ಎನ್ನುತ್ತಾರೆ. ಸಾಣೆ ಹಿಡಿಯುವಾಗ ಹಾರುವ ಕಿಡಿಗಿಂತ ಇವನ ಸಿಟ್ಟೇ ಬೇಗ ಹಾರುತ್ತದೆ ಎಂದು ಯಾರೋ ಇಟ್ಟ ಹೆಸರು ಅಂಟಿಕೊಂಡುಬಿಟ್ಟಿತ್ತು. ಮೂಗಿನ ತುದಿಯಲ್ಲೇ ಕೋಪ. ಇನ್ನೊಂದು ದಿನವಾಗಿದ್ದರೆ ಮೇಸ್ತ್ರಿಯ ಒಂದು ಮಾತಿಗೆ ಎರಡು ಎದುರುತ್ತರ ಕೊಟ್ಟು, ಲೋಟ ನೆಲಕ್ಕೆ ಕುಕ್ಕಿ, ಅದಕ್ಕೆ ಇನ್ನೊಂದು ಬೈಗುಳ ತಿಂದು ಹಗುರಾಗುತ್ತಿದ್ದ. ಇವತ್ತು ಸುಮ್ಮನೆ ತಿರುಗಿ ನೋಡಿದ, ಅಷ್ಟೆ. ಮೇಸ್ತ್ರಿ ಕರೆದದ್ದು ಅವನಿಗೆ ನಿಜಕ್ಕೂ ಕೇಳಿಸಿರಲಿಲ್ಲ.

"ಗಂಟಲು ಹರಿಯೋ ಹಾಗೆ ಕರೆದೆ," ಮೇಸ್ತ್ರಿ ಬಿಡಲಿಲ್ಲ. "ಕಿವುಡನ ಮುಂದೆ ಶಂಖ ಊದಿದ ಹಾಗಾಯ್ತು. ತಾತನ ಪಕ್ಕ ನಿನಗೂ ಒಂದು ಪೊರಕೆ ಕೊಡಿಸ್ತೀನಿ ತಡಿ. ಇಬ್ಬರೂ ಜೋಡಿಯಾಗಿ ಗುಡಿಸ್ಕೊಂಡಿರಿ."

ಮತ್ತೆ ನಗು. ಈ ಸಲ ಕಿಡಿ ಮೂಲೆಯ ಕಡೆ ನೋಡಿದ.

ಪೊರಕೆಯ ತಾತ ಮೂಲೆಯಲ್ಲಿ ಕೂತು ಬಿಸ್ಕತ್ತು ಅದ್ದಿಕೊಂಡು ತಿನ್ನುತ್ತಿದ್ದ. ಎಲ್ಲರೂ ನಕ್ಕದ್ದನ್ನು ನೋಡಿ ತಾನೂ ನಕ್ಕ. ಒಂದು ಕಾಲಕ್ಕೆ ಈ ಶೆಡ್ಡಿನಲ್ಲಿ ಆ ತಾತ ಸಾಣೆ ಹಿಡಿದ ಕತ್ತರಿಯೆಂದರೆ ದರ್ಜಿಗಳು ಬಿಟ್ಟುಕೊಡುತ್ತಿರಲಿಲ್ಲವಂತೆ. ಕಿವಿ ಹೋದ ಮೇಲೆ ಕಲ್ಲು ಮುಟ್ಟಲು ಬಿಡಲಿಲ್ಲ. ಈಗ ಕಬ್ಬಿಣದ ಪುಡಿ ಗುಡಿಸುತ್ತಾನೆ. ಬೆನ್ನ ಹಿಂದೆ ನಿಂತು ಏನೇನೋ ಅಂದು ಮಜಾ ತೆಗೆದುಕೊಳ್ಳುವುದು ಶೆಡ್ಡಿನ ಹಳೆಯ ಆಟ. ಅಂದದ್ದು ಏನೆಂದು ತಿಳಿಯದೆ ತಾತ "ಹೂಂ ಹೂಂ" ಎಂದು ತಲೆಯಾಡಿಸುತ್ತಾನೆ. ಅದಕ್ಕೇ ಎಲ್ಲರಿಗೂ ನಗು.

ಕಿಡಿಯ ಕಿವಿಯಲ್ಲಿ ಹೋದ ಬೇಸಿಗೆಯಿಂದ ಒಂದು ಸದ್ದು ಬಂದು ಕೂತಿತ್ತು. ಬಾಡಿಗೆಯಿಲ್ಲ, ಮುಂಗಡವಿಲ್ಲ, ಹೇಳದೆ ಕೇಳದೆ ಬಂದು ಠಿಕಾಣಿ ಹೂಡಿತ್ತು. ಸಣ್ಣ, ಚೂಪಾದ, ಎಳೆದಂಥ ಸದ್ದು. ಗಾಜಿನ ಲೋಟದ ಅಂಚನ್ನು ಯಾರೋ ಒದ್ದೆ ಬೆರಳಿನಲ್ಲಿ ಸವರುತ್ತಲೇ ಇದ್ದಾರೆ ಅನ್ನುವ ಹಾಗೆ. ಯಂತ್ರದ ಗದ್ದಲದಲ್ಲಿ ಅದು ಬಾಲ ಮುದುರಿಕೊಂಡು ಇರುತ್ತಿತ್ತು. ಗದ್ದಲ ನಿಂತಿತೋ, ಹಾಸಿಗೆ ಸೇರಿದನೋ, ಆಗ ಅದರದೇ ರಾಜ್ಯಭಾರ. ಮೊದಲು ಸೊಳ್ಳೆ ಅಂದುಕೊಂಡು ತನ್ನ ಕೆನ್ನೆಗೆ ತಾನೇ ಬಾರಿಸಿಕೊಂಡ. ಆಮೇಲೆ ಬಿಸಿ ಎಣ್ಣೆ ಬಿಟ್ಟುಕೊಂಡ, ಹತ್ತಿ ತುರುಕಿದ, ಮೂಗು ಮುಚ್ಚಿ ಕಿವಿಗೆ ಗಾಳಿ ಊದಿದ. ಔಷಧಿ ಅಂಗಡಿಯವನು ಕೊಟ್ಟ ಹನಿ ಹಾಕಿಕೊಂಡ. ಮೊಬೈಲಿನಲ್ಲಿ ಒಬ್ಬ ಗಡ್ಡದವನು "ಒಂದೇ ವಾರ, ಸದ್ದು ಮಂಗಮಾಯ" ಎಂದು ಮಾರುತ್ತಿದ್ದ ಮಾತ್ರೆ ತರಿಸಿ ನುಂಗಿದ. ಹೊಟ್ಟೆ ಕೆಟ್ಟಿತು. ಸದ್ದು ಕೆಡಲಿಲ್ಲ.

ಅಕ್ಕನಿಗೊಬ್ಬಳಿಗೆ ಹೇಳಿದ್ದ. ಅವಳೇ ಆಸ್ಪತ್ರೆಯಲ್ಲಿ ಹೆಸರು ಬರೆಸಿದ್ದಳು, ಇವತ್ತಿಗೆ. ಶೆಡ್ಡಿನಲ್ಲಿ ಹಲ್ಲು ನೋವು ಎಂದು ಸುಳ್ಳು ಹೇಳಿ ಅರ್ಧ ದಿನ ರಜೆ ಕೇಳಿದ್ದ. ಹಲ್ಲು ಹೋದವನಿಗೆ ಯಾರೂ ಪೊರಕೆ ಕೊಡುವುದಿಲ್ಲವಲ್ಲ.

"ಹೋಗೋದಕ್ಕೆ ಮುಂಚೆ ಆ ಕಲ್ಲು ನೋಡಿ ಹೋಗು," ಅಂದ ಮೇಸ್ತ್ರಿ. "ನಿಮ್ಮ ಭಾವನ ಯಂತ್ರಕ್ಕೆ ಹೊಸದು ಹಾಕಬೇಕು. ಹಳೇದು ಸವೆದು ರೊಟ್ಟಿ ಆಗಿದೆ. ಊಟ ಆದ್ಮೇಲೆ ಏರಿಸ್ತಾನೆ."

ಮೇಸ್ತ್ರಿ ಕಿಡಿಗೆ ಸೋದರಮಾವ, ತಾಯಿಯ ತಮ್ಮ. ಓದು ತಲೆಗೆ ಹತ್ತದೆ ಏಳನೇ ಕ್ಲಾಸಿಗೇ ಚೀಲ ಎಸೆದು ಬಂದವನನ್ನು ಕೈಹಿಡಿದು ಕೆಲಸ ಕಲಿಸಿದವನು ಅವನೇ. ಆದರೆ ಗೇಟಿನ ಆಚೆ ಮಾವ, ಈಚೆ ಮೇಸ್ತ್ರಿ. ಈ ಗೆರೆ ದಾಟುವ ಹಾಗಿರಲಿಲ್ಲ. ಭಾವ ಈ ಕೆಲಸಕ್ಕೆ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಅವನಿದ್ದ ಕಾರ್ಖಾನೆ ಬಾಗಿಲು ಹಾಕಿದಾಗ ಕಿಡಿಯೇ ಮಾತಾಡಿ ಸೇರಿಸಿದ್ದ. ಆಗ ಅಕ್ಕ ಒಂದೇ ಮಾತು ಹೇಳಿದ್ದಳು: "ಅವರು ಮೆತ್ತಗಿನ ಮನುಷ್ಯ ಕಣೋ. ಆ ಕಲ್ಲುಗಳ ಹತ್ರ ನೀನೇ ನೋಡ್ಕೋಬೇಕು."

ಸಾಣೆಕಲ್ಲು ನೋಡಲು ಊಟದ ತಟ್ಟೆಯ ಹಾಗೆ, ಗುಂಡಗೆ, ನಡುವೆ ತೂತು. ಆದರೆ ಯಂತ್ರಕ್ಕೆ ಏರಿ ತಿರುಗತೊಡಗಿತೆಂದರೆ ಅದರೊಳಗೆ ಕೂದಲೆಳೆಯಷ್ಟು ಬಿರುಕಿದ್ದರೂ ಸಾಕು, ಸಿಡಿಯುತ್ತದೆ. ಸಿಡಿದ ಚೂರು ತಗಡಿನ ಗೋಡೆಯನ್ನು ತೂರಿ ಹೋಗುತ್ತದೆ. ನಡುವೆ ಮನುಷ್ಯನಿದ್ದರೆ ಅವನನ್ನೂ. ಅದಕ್ಕೇ ಹೊಸ ಕಲ್ಲನ್ನು ಏರಿಸುವ ಮೊದಲು ಸರಳಿಗೆ ನೇತುಹಾಕಿ ಮರದ ಕೊಡತಿಯಿಂದ ಅಲ್ಲಲ್ಲಿ ಮೆಲ್ಲಗೆ ಬಡಿಯಬೇಕು. ಗಟ್ಟಿ ಕಲ್ಲು ಠಿಂಗ್ ಅನ್ನುತ್ತದೆ, ದನಿ ಒಂದಿಷ್ಟು ಹೊತ್ತು ನಿಲ್ಲುತ್ತದೆ. ಬಿರುಕು ಬಿಟ್ಟದ್ದು ಬೊದ್ ಎಂದು ಅಲ್ಲಿಗೇ ಸಾಯುತ್ತದೆ. ಶೆಡ್ಡಿನ ಭಾಷೆಯಲ್ಲಿ ಇದಕ್ಕೆ ಕಲ್ಲು ಹಾಡುವುದು ಎನ್ನುತ್ತಾರೆ. ಹಾಡಿತು ಎಂದು ಹೇಳಿದವನು ಕಲ್ಲಿನ ಮೇಲೆ ಸೀಮೆಸುಣ್ಣದಲ್ಲಿ ತನ್ನ ಗುರುತು ಹಾಕಬೇಕು. ಗುರುತು ಬಿದ್ದ ಕಲ್ಲನ್ನು ಮತ್ತೊಬ್ಬರು ಬಡಿಯುವ ಹಾಗಿಲ್ಲ. ಬಡಿದರೆ ಗುರುತು ಹಾಕಿದವನ ಮುಖಕ್ಕೆ ಉಗಿದ ಹಾಗೆ. ಮೊದಲೆಲ್ಲ ಮೇಸ್ತ್ರಿಯೇ ಬಡಿಯುತ್ತಿದ್ದ. ಈಚೆಗೆ "ನಿನ್ನ ಕಿವಿ ಎಳೇದು, ಚುರುಕು" ಎಂದು ಆ ಕೆಲಸವನ್ನು ಪೂರ್ತಿ ಕಿಡಿಗೇ ಬಿಟ್ಟುಕೊಟ್ಟಿದ್ದ. ಆಗ ಕಿಡಿ ಒಂದು ವಾರ ಎದೆ ಉಬ್ಬಿಸಿಕೊಂಡು ಓಡಾಡಿದ್ದ.

ಈಗ ಎಲ್ಲರ ಕಣ್ಣೂ ಅವನ ಮೇಲಿತ್ತು. ಕಲ್ಲು ಬಂದಿದ್ದ ರಟ್ಟಿನ ಪೆಟ್ಟಿಗೆಯ ಒಂದು ಮೂಲೆ ನುಜ್ಜಾಗಿದ್ದನ್ನು ಅವನು ನೋಡಿದ. ನೋಡಿಯೂ ಏನೂ ಅನ್ನಲಿಲ್ಲ. ಕಲ್ಲನ್ನು ಸರಳಿಗೆ ನೇತುಹಾಕಿ ಬಡಿದ. ಠಿಂಗ್. ಇನ್ನೊಂದು ಕಡೆ, ಠಿಂಗ್. ಮತ್ತೊಂದು ಕಡೆ. ದನಿ ಉದ್ದಕ್ಕೆ ನಿಂತಿತು. ಎಷ್ಟು ಉದ್ದಕ್ಕೆಂದರೆ, ಅದು ನಿಂತೇ ಇರಲಿಲ್ಲ. ಒಂದು ಕ್ಷಣ ಅನುಮಾನ ಬಂತು. ಇನ್ನೊಮ್ಮೆ ಬಡಿಯೋಣವೆಂದು ಕೊಡತಿ ಎತ್ತಿದ.

"ಏನು, ಕಲ್ಲಿನ ಹತ್ರ ಕಷ್ಟಸುಖ ಮಾತಾಡ್ತಿದ್ದೀಯಾ?" ಅಂದ ಮೇಸ್ತ್ರಿ. "ಹಾಡ್ತೋ ಇಲ್ವೋ ಹೇಳು. ಕೇಳಿಸ್ದೇ ಇದ್ರೆ ತಾತನ್ನ ಕರೀಲಾ?"

"ಹಾಡ್ತು," ಅಂದ ಕಿಡಿ, ಹಲ್ಲು ಕಚ್ಚಿಕೊಂಡು. ಸೀಮೆಸುಣ್ಣ ಮುರಿಯುವಷ್ಟು ಒತ್ತಿ ಗುರುತು ಹಾಕಿದ. ಭಾವ ಅಷ್ಟು ದೂರದಿಂದ ನೋಡಿ, ಎಂದಿನಂತೆ ಮೆತ್ತಗೆ ನಕ್ಕು, ಹೆಬ್ಬೆರಳು ತೋರಿಸಿದ.

*

ಕಿವಿ ಡಾಕ್ಟರು ಹಣೆಗೆ ದೀಪ ಕಟ್ಟಿಕೊಂಡ ಹೆಂಗಸು. ಅವಸರವಿಲ್ಲದ ಮಾತು. ಕಿಡಿಯ ಕಿವಿ ಹಿಡಿದು ಇಣುಕಿ, "ಒಳಗೆ ಏನೇನು ಹಾಕಿದ್ದೀರಿ?" ಎಂದರು.

"ಏನು ಹಾಕಿಲ್ಲ ಅಂತ ಕೇಳಿ ಡಾಕ್ಟ್ರೇ," ಅಂದಳು ಅಕ್ಕ. "ಒಗ್ಗರಣೆ ಒಂದು ಬಾಕಿ."

ಡಾಕ್ಟರು ನಕ್ಕರು. ಕಿಡಿ ನಗಲಿಲ್ಲ. ಅವರು ಒಂದು ಸಣ್ಣ ಕೊಳವೆಯಿಂದ ಎಣ್ಣೆ ಜಿಡ್ಡು, ಹತ್ತಿಯ ಎಳೆ, ಗಟ್ಟಿಯಾದ ಗುಗ್ಗೆ ಎಲ್ಲ ತೆಗೆದು ತಟ್ಟೆಗೆ ಹಾಕಿದರು. ಸದ್ದೂ ಅದರ ಜೊತೆಗೆ ತಟ್ಟೆಗೆ ಬೀಳುತ್ತದೇನೋ ಎಂದು ಕಿಡಿ ಉಸಿರು ಬಿಗಿಹಿಡಿದು ಕಾದ. ಬೀಳಲಿಲ್ಲ. ಇನ್ನೂ ಸ್ಪಷ್ಟವಾಗಿ, ತೊಳೆದಿಟ್ಟ ಹಾಗೆ, ಅಲ್ಲೇ ಇತ್ತು.

ಪರೀಕ್ಷೆಯ ಕೋಣೆ ಬೀರುವಿಗಿಂತ ಸ್ವಲ್ಪ ದೊಡ್ಡದು. ಗೋಡೆಗೆಲ್ಲ ಮೆತ್ತೆ, ಬಾಗಿಲು ಗೇಣುದಪ್ಪ. ಪರೀಕ್ಷೆ ಮಾಡುವಾಕೆ ಅವನ ತಲೆಗೆ ಹೆಡ್‌ಫೋನ್ ಹಾಕಿ, ಕೈಗೆ ಒಂದು ಗುಂಡಿ ಕೊಟ್ಟು, "ಸದ್ದು ಎಷ್ಟೇ ಸಣ್ಣದಿರಲಿ, ಕೇಳಿಸಿದ ತಕ್ಷಣ ಒತ್ತಿ" ಎಂದು ಹೇಳಿ, ಗಾಜಿನ ಆಚೆ ಹೋಗಿ ಕೂತಳು. ಬಾಗಿಲು ಮುಚ್ಚಿತು.

ಅಂಥ ಮೌನವನ್ನು ಕಿಡಿ ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಆ ಮೌನದೊಳಗೆ ಅವನ ಸದ್ದು ಹೆಡೆಯೆತ್ತಿ ನಿಂತಿತು. ಎದ್ದು ಓಡಿಹೋಗಬೇಕೆನಿಸಿತು. ಶಾಲೆಯಲ್ಲಿ ಯಾವ ಪರೀಕ್ಷೆಯನ್ನೂ ನೆಟ್ಟಗೆ ಬರೆಯದವನು ಇದೊಂದನ್ನಾದರೂ ಪಾಸಾಗಿಬಿಡಬೇಕೆಂದು ಹಟ ಹಿಡಿದು ಕೂತ. ಕೇಳಿಸಿತು, ಒತ್ತಿದ. ಮತ್ತೆ ಕೇಳಿಸಿತು, ಮತ್ತೆ ಒತ್ತಿದ. ಒಂದನ್ನೂ ಬಿಡಲಿಲ್ಲ. ಗಾಜಿನ ಆಚೆ ಆಕೆ ಹುಬ್ಬು ಗಂಟಿಕ್ಕಿದ್ದು ಕಂಡಿತು. ಮೆಚ್ಚಿಕೊಂಡಿರಬೇಕು ಅಂದುಕೊಂಡ.

ಬಾಗಿಲು ತೆರೆದು ಆಕೆ ಪಕ್ಕದಲ್ಲಿ ಬಂದು ನಿಂತಳು. "ಬೇಜಾರು ಮಾಡ್ಕೋಬೇಡಿ. ಸುಮಾರು ಹೊತ್ತು ನಾನು ಸದ್ದೇ ಕಳಿಸಿರ್ಲಿಲ್ಲ. ಆಗಲೂ ನೀವು ಒತ್ತಿದ್ರಿ."

"ಸುಮ್ನೆ ಒತ್ತಿಲ್ಲ ನಾನು." ಕಿಡಿಯ ದನಿ ಏರಿತು. "ಕೇಳಿಸ್ತು, ಒತ್ತಿದೆ. ನಾನೇನು ಸುಳ್ಳುಗಾರನಾ?"

"ಸುಳ್ಳು ಅಂದಿಲ್ಲ ಅಣ್ಣ. ಕೇಳಿಸಿರುತ್ತೆ. ಆದ್ರೆ ಅದು ನಿಮ್ಮ ಕಿವಿಯೊಳಗಿನದು. ಮಾತು, ಗಾಡಿ ಸದ್ದು, ಇವೆಲ್ಲ ನಿಮಗೆ ಒಂದು ಮಟ್ಟಿಗೆ ಕೇಳ್ತವೆ. ಸಣ್ಣ ಚೂಪು ಸದ್ದುಗಳಿವೆಯಲ್ಲ, ಲೋಟಕ್ಕೆ ಚಮಚ ತಾಕಿದ ಹಾಗೆ, ಸಣ್ಣ ಗಂಟೆ ಹಾಗೆ, ಅವು ಹೊರಗಿಂದ ಬಂದ್ರೆ ನಿಮಗೆ ತಿಳೀತಿಲ್ಲ. ಬರದೇ ಇದ್ರೂ ಬಂದ ಹಾಗೇ ಇರುತ್ತೆ. ಊಟ ಆದ್ಮೇಲೆ ಇನ್ನೊಂದು ರೀತೀಲಿ ಪರೀಕ್ಷೆ ಮಾಡೋಣ. ಸದ್ದನ್ನ ತುಂಡು ತುಂಡಾಗಿ ಕಳಿಸ್ತೀನಿ, ಆಗ ಬೇರೆ ಮಾಡೋದು ಸುಲಭ."

ಬರದೇ ಇದ್ದರೂ ಬಂದ ಹಾಗೇ ಇರುತ್ತದೆ.

ಕಿಡಿ ಹೆಡ್‌ಫೋನ್ ತೆಗೆದು ಕೊಟ್ಟ. ಬೆಳಿಗ್ಗೆ ಕಲ್ಲು ಬಡಿದದ್ದು ಕಣ್ಣ ಮುಂದೆ ಬಂತು. ಮೂರೂ ಕಡೆ ಒಂದೇ ದನಿ. ಹೋದ ವಾರ ಬಡಿದ ಕಲ್ಲು? ಅದೂ ಹಾಡಿತ್ತು. ಅದಕ್ಕೆ ಮುಂಚಿನದು? ನೆನಪು ಮಾಡಿಕೊಂಡಷ್ಟೂ ಒಂದೇ. ಬೇಸಿಗೆಯಿಂದ ಈಚೆಗೆ ಹಾಡದ ಕಲ್ಲೇ ಅವನ ಕೈಗೆ ಬಂದಿರಲಿಲ್ಲ. ಕಂಪನಿ ಈಗ ಒಳ್ಳೆ ಮಾಲು ಕಳಿಸುತ್ತಿದೆ ಎಂದು ಅವನೇ ಎಲ್ಲರ ಮುಂದೆ ಹೊಗಳಿದ್ದ.

ಇರಲಾರದು, ಅಂದುಕೊಂಡ. ಹಳೆಯವು ಇಷ್ಟು ದಿನ ಓಡಿವೆ, ಇದೂ ಗಟ್ಟಿಯೇ ಇರಬೇಕು. ಪೆಟ್ಟಿಗೆಯ ನುಜ್ಜಾದ ಮೂಲೆ ನೆನಪಾಯಿತು. ಇರಲಾರದು, ಎಂದು ಮತ್ತೆ ಅಂದುಕೊಂಡ.

ಡಾಕ್ಟರ ಮೇಜಿನ ಮುಂದೆ ಕೂತಾಗ ಗೋಡೆಯ ಗಡಿಯಾರ ನೇರ ಎದುರಿಗೇ ಇತ್ತು. ಶೆಡ್ಡಿನಲ್ಲಿ ಊಟದ ಗಂಟೆ ಹೊಡೆಯಲು ಇನ್ನೂ ಸ್ವಲ್ಪ ಹೊತ್ತಿತ್ತು.

"ಮೊದಲು ಒಂದು ಮಾತು," ಅಂದರು ಡಾಕ್ಟರು. "ಈ ಸದ್ದನ್ನ ಅಳಿಸಿ ಹಾಕೋ ಮಾತ್ರೆ ಇಲ್ಲ. ಯಾರಾದರೂ ಇದೆ ಅಂದ್ರೆ ನಿಮ್ಮ ಜೇಬು ನೋಡ್ತಿದ್ದಾರೆ ಅಂತ ತಿಳ್ಕೊಳ್ಳಿ."

"ಹಾಗಾದ್ರೆ ಇದು ಹೋಗೋದೇ ಇಲ್ವಾ?"

"ಕೆಲವರಿಗೆ ತಾನಾಗೇ ಕಮ್ಮಿ ಆಗುತ್ತೆ. ಕೆಲವರಿಗೆ ಉಳಿಯುತ್ತೆ. ಉಳಿದ್ರೂ ಅದು ನಿಮ್ಮ ಮೇಲೆ ಸವಾರಿ ಮಾಡದ ಹಾಗೆ ಮಾಡಬಹುದು. ದಾರಿಗಳಿವೆ."

ಅವರು ಒಂದೊಂದಾಗಿ ಹೇಳುತ್ತಾ ಹೋದರು. ಎರಡೂ ಕಿವಿಯಲ್ಲಿ ಇದೆಯಲ್ಲವೇ, ನಾಡಿ ಬಡಿದ ಹಾಗೆ ಬರುವುದಿಲ್ಲವಲ್ಲ, ತಲೆ ಸುತ್ತುವುದಿಲ್ಲವಲ್ಲ. ಹಾಗಿದ್ದರೆ ಈಗಲೇ ತಲೆಗೆ ಸ್ಕ್ಯಾನು ಬೇಕಾಗಿಲ್ಲ. ಗದ್ದಲದಲ್ಲಿ ಕೆಟ್ಟ ಕಿವಿಗೆ ಶ್ರವಣಯಂತ್ರ ಹಾಕಿದರೆ ಹೊರಗಿನ ಸದ್ದು ಒಳಗೆ ಬರುತ್ತದೆ, ಒಳಗಿನದು ಹಿಂದೆ ಸರಿಯುತ್ತದೆ. ಅದರಲ್ಲೇ ಸಣ್ಣಗೆ ಗಾಳಿ ಬೀಸಿದಂಥ ಸದ್ದು ಬಿಡುವ ಏರ್ಪಾಡೂ ಇರುತ್ತದೆ. ಮಲಗುವಾಗ ಫ್ಯಾನಿನ ಸದ್ದೋ ನೀರಿನ ಸದ್ದೋ ಮೆಲ್ಲಗೆ ಇಟ್ಟುಕೊಳ್ಳಬಹುದು.

"ಸದ್ದು ಓಡಿಸೋಕೆ ಇನ್ನೊಂದು ಸದ್ದಾ?" ಅಂದ ಕಿಡಿ.

"ಮುಳ್ಳನ್ನ ಮುಳ್ಳಿಂದಲೇ ತೆಗೀಬೇಕು, ಸುಮ್ನೆ ಕೇಳು," ಅಂದಳು ಅಕ್ಕ.

"ಇನ್ನೊಂದು, ಮಾತಿನ ಚಿಕಿತ್ಸೆ," ಅಂದರು ಡಾಕ್ಟರು. "ಒಬ್ಬರ ಹತ್ರ ಕೂತು ಕೆಲವು ವಾರ ಮಾತಾಡೋದು. ಹುಚ್ಚು ಅಂತ ಅಲ್ಲ. ಸದ್ದಿಗಿಂತ ಅದರ ಭಯ ದೊಡ್ಡದು. ಅದನ್ನೇ ಕಾಯ್ತಾ ಕೂತ್ರೆ ಅದು ಬೆಳೆಯುತ್ತೆ. ಮನಸ್ಸಿಗೆ ಅದು ಶತ್ರು ಅಲ್ಲ ಅಂತ ಕಲಿಸಬೇಕು, ಆಗ ಗಡಿಯಾರದ ಟಿಕ್ ಟಿಕ್ ಹಾಗೆ ಇದ್ದೂ ಇಲ್ಲದ ಹಾಗಾಗುತ್ತೆ. ಇದರಿಂದ ಉಪಯೋಗ ಆದವರು ಬಹಳ ಜನ ಇದ್ದಾರೆ. ಮತ್ತೆ ಮುಖ್ಯವಾದದ್ದು, ಕೆಲಸದ ಜಾಗದಲ್ಲಿ ಕಿವಿಗೆ ಮುಚ್ಚಳ. ನಿಮ್ಮ ಶೆಡ್ಡಲ್ಲಿ ಹಾಕ್ಕೊಳ್ತೀರಾ?"

ಶೆಡ್ಡಿನಲ್ಲಿ ಅದು ಇತ್ತು. ಹೊಸಬರು ಹಾಕಿಕೊಂಡರೆ "ಮದುಮಗಳು ಬಂದಳು" ಎಂದು ಎಲ್ಲರೂ ಶಿಳ್ಳೆ ಹೊಡೆಯುತ್ತಿದ್ದರು. ಭಾವನೊಬ್ಬನೇ ಶಿಳ್ಳೆಯನ್ನೂ ಕೇಳಿಸಿಕೊಳ್ಳದೆ ಹಾಕಿಕೊಳ್ಳುತ್ತಿದ್ದ. ಕಿಡಿ ಇದನ್ನು ಹೇಳಲಿಲ್ಲ. ಗಡಿಯಾರದ ದೊಡ್ಡ ಮುಳ್ಳು ನೋಡಿದ. ಭಾವ ಊಟಕ್ಕೆ ಹೆಚ್ಚು ಹೊತ್ತು ತೆಗೆದುಕೊಳ್ಳುವವನಲ್ಲ. ಎಲ್ಲರಿಗಿಂತ ಮೊದಲು ಕೈತೊಳೆದು ಯಂತ್ರದ ಹತ್ತಿರ ಹೋಗುವ ಜಾತಿ.

"ಡಾಕ್ಟ್ರೇ," ಅಂದ. "ಆ ಯಂತ್ರ ಹಾಕ್ಕೊಂಡ್ರೆ... ಒಂದು ಕಲ್ಲನ್ನ ಮರದಿಂದ ಬಡಿದ್ರೆ, ಅದು ಗಟ್ಟಿನೋ ಬಿರುಕೋ ಅಂತ ಗೊತ್ತಾಗುತ್ತಾ?"

"ಗೊತ್ತಾಗಬಹುದು, ಆಗದೇ ಇರಬಹುದು. ಅದರ ಮೇಲೆ ಒಬ್ಬರ ಜೀವ ನಿಂತಿದ್ರೆ ನಾನು ಹೂಂ ಅನ್ನಲ್ಲ."

ಕುರ್ಚಿ ಹಿಂದಕ್ಕೆ ಬಿತ್ತು. ಕಿಡಿ ಆಗಲೇ ಬಾಗಿಲಲ್ಲಿದ್ದ.

*

ಬಸ್ಸಿನಲ್ಲಿ ಅಕ್ಕ ಕೇಳಿದಳು. "ಏನಾಯ್ತು ಅಂತಾದ್ರೂ ಹೇಳೋ. ಬೆಂಕಿ ಬಿದ್ದವನ ಹಾಗೆ ಎದ್ದು ಬಂದೆ."

ಹೇಳಿದ. ಕಲ್ಲು, ಕೊಡತಿ, ಗುರುತು, ಎಲ್ಲ. ಯಾರ ಯಂತ್ರಕ್ಕೆ ಎಂಬುದೊಂದನ್ನು ಬಿಟ್ಟು.

ಅಕ್ಕ ಅವನ ಕಡೆಗೇ ತಿರುಗಿದಳು. "ಅವರದಾ?" ಅಂದಳು.

ಕಿಡಿ ತಲೆ ತಗ್ಗಿಸಿದ. ಅವಳು ಕೈಚೀಲವನ್ನು ಎದೆಗೆ ಒತ್ತಿಕೊಂಡು ಗಂಡನಿಗೆ ಫೋನು ಹಚ್ಚಿದಳು. ರಿಂಗಾಯಿತು, ರಿಂಗಾಯಿತು, ಕಡಿಯಿತು. ಎಲ್ಲಿಂದ ಎತ್ತಿಯಾನು? ಶೆಡ್ಡಿನಲ್ಲಿ ಮೊಬೈಲುಗಳನ್ನೆಲ್ಲ ಬಾಗಿಲ ಬಳಿಯ ಮರದ ಪೆಟ್ಟಿಗೆಯಲ್ಲಿ ಹಾಕಿಸಿಕೊಳ್ಳುತ್ತಾರೆ. ಮೇಸ್ತ್ರಿಗೆ ಹಚ್ಚಿದಳು. ಅದೂ ಅಷ್ಟೆ. ಒಂದೇ ಪೆಟ್ಟಿಗೆಯೊಳಗೆ ಎರಡು ಫೋನುಗಳು ಒಂದಾದ ಮೇಲೊಂದು ಕೂಗಿಕೊಳ್ಳುತ್ತಿರುವುದು ಕಿಡಿಯ ಕಣ್ಣಿಗೆ ಕಟ್ಟಿತು. ಬಸ್ಸು ಒಂದು ಲಾರಿಯ ಹಿಂದೆ ಸಿಕ್ಕಿ ಆಮೆಯಾಯಿತು. ಡ್ರೈವರಿನ ತಲೆಗೆ ಒಂದು ಬಾರಿಸೋಣ ಎನ್ನುವಷ್ಟು ಸಿಟ್ಟು ಬಂತು. ಲಾರಿಯವನ ಮೇಲೆ, ಮೇಸ್ತ್ರಿಯ ಮೇಲೆ, ನಕ್ಕ ಆ ಪ್ರೆಸ್ಸಿನವರ ಮೇಲೆ. ಎಲ್ಲರನ್ನೂ ಸುತ್ತಿ ಬಂದ ಸಿಟ್ಟು ಕೊನೆಗೆ ತನ್ನ ಕಾಲ ಬುಡಕ್ಕೇ ಬಂದು ನಿಂತಿತು. ಹಾಡ್ತು ಅಂದ ಬಾಯಿ ತನ್ನದೇ.

ನಿಲ್ದಾಣ ಬರುವ ಮೊದಲೇ ಹಾರಿ ಇಳಿದು ಓಡಿದ. ಹಿಂದೆ ಅಕ್ಕನ ಚಪ್ಪಲಿ ಟಪಟಪ ಬಡಿಯುತ್ತಿತ್ತು.

ಶೆಡ್ಡಿನ ಗೇಟಿನ ಬಳಿ ಬಂದಾಗ ಒಳಗೆ ಒಂದು ಯಂತ್ರ ಓಡುತ್ತಿತ್ತು. ಭಾವನದು. ಹೊಸ ಕಲ್ಲು ಏರಿತ್ತು. ಭಾವ ಕಿವಿಗೆ ಮುಚ್ಚಳ ಹಾಕಿ, ಯಂತ್ರದ ಪಕ್ಕಕ್ಕೆ ನಿಂತು ಖಾಲಿ ಓಡಿಸಿ ನೋಡುತ್ತಿದ್ದ. ಕೈಯಲ್ಲಿ ಪ್ರೆಸ್ಸಿನವರ ಅಲಗು ಸಿದ್ಧವಾಗಿತ್ತು. ಇನ್ನೇನು ಮುಂದಕ್ಕೆ ಬರಬೇಕು.

ಕಿಡಿ ಕೂಗಲಿಲ್ಲ. ಕೂಗಿದರೆ ಅವನಿಗೆ ಕೇಳುತ್ತಿರಲಿಲ್ಲ. ಗೋಡೆಯ ದೊಡ್ಡ ಸ್ವಿಚ್ಚಿಗೆ ಜೋತುಬಿದ್ದು ಕೆಳಗೆಳೆದ. ದೀಪಗಳು ಆರಿದವು, ಫ್ಯಾನುಗಳು ಕುಂಟಿದವು. ಕಲ್ಲು ಮಾತ್ರ ತನ್ನ ಪಾಡಿಗೆ ತಿರುಗುತ್ತಲೇ ಇತ್ತು. ಅದು ಪೂರ್ತಿ ನಿಲ್ಲುವವರೆಗೆ ಕಿಡಿ ಅದರ ಕಡೆಯೇ ನೋಡುತ್ತಾ ನಿಂತ.

"ಯಾವನೋ ಅದು ಕರೆಂಟ್ ತೆಗೆದೋನು?" ಮೇಸ್ತ್ರಿ ಕೈ ಒರೆಸಿಕೊಳ್ಳುತ್ತಾ ಬಂದ. ಹಿಂದೆಯೇ ಕೆಲಸದವರು, ಪ್ರೆಸ್ಸಿನವರು, ಪೊರಕೆ ಹಿಡಿದ ತಾತ.

"ಆ ಕಲ್ಲು ಇಳಿಸಿ," ಅಂದ ಕಿಡಿ. "ಬೆಳಿಗ್ಗೆ ನನಗೆ ಸರಿಯಾಗಿ ಕೇಳಿಸಿಲ್ಲ. ನನ್ನ ಕಿವಿ ಸರಿ ಇಲ್ಲ."

ಹೇಳಿಬಿಟ್ಟ. ಇಷ್ಟು ತಿಂಗಳು ಬಚ್ಚಿಟ್ಟದ್ದು ಒಂದೇ ಉಸಿರಿಗೆ ಹೊರಗೆ ಬಿತ್ತು. ಯಾರೂ ನಗಲಿಲ್ಲ. ನಗದಿದ್ದದ್ದಕ್ಕೇ ಹೆಚ್ಚು ಭಯವಾಯಿತು. ಭಾವ ಕಿವಿಯ ಮುಚ್ಚಳ ತೆಗೆದು ಒಮ್ಮೆ ಕಿಡಿಯನ್ನು, ಒಮ್ಮೆ ಗೇಟಿನಲ್ಲಿ ಏದುಸಿರು ಬಿಡುತ್ತಾ ನಿಂತಿದ್ದ ಹೆಂಡತಿಯನ್ನು ನೋಡಿದ. ಏನೂ ಕೇಳದೆ ತಿರುಪು ಬಿಚ್ಚಿ ಕಲ್ಲು ಇಳಿಸಿ ಸರಳಿಗೆ ನೇತುಹಾಕಿದ.

"ಗುರುತು ಹಾಕಿದ ಕಲ್ಲನ್ನ ಇನ್ನೊಬ್ಬ ಬಡಿಯೋದಾ?" ಅಂದ ಮೇಸ್ತ್ರಿ.

"ನೀವೇ ಬಡೀರಿ," ಅಂದ ಕಿಡಿ. ಉಗಿಸಿಕೊಳ್ಳಲು ಮುಖ ಒಡ್ಡಿ ನಿಂತ ಹಾಗೆ ನಿಂತಿದ್ದ.

ಮೇಸ್ತ್ರಿ ಕೊಡತಿ ತೆಗೆದುಕೊಂಡ. ತೆಗೆದುಕೊಳ್ಳುವಾಗ ಒಂದು ಗಳಿಗೆ ತಡೆದ. ಅದನ್ನು ಕಿಡಿ ಕಂಡ. ಬಡಿದ. ತಲೆಯನ್ನು ಕಲ್ಲಿನ ಕಡೆಗೆ ವಾಲಿಸಿದ. ಇನ್ನೊಂದು ಕಡೆ ಬಡಿದ. ಆಮೇಲೆ ಕಣ್ಣೆತ್ತಿ, ಕಲ್ಲನ್ನಲ್ಲ, ಸುತ್ತ ನಿಂತವರ ಮುಖಗಳನ್ನು ಬೇಗಬೇಗ ನೋಡಿದ, ಒಬ್ಬರಾದ ಮೇಲೆ ಒಬ್ಬರದು, ಉತ್ತರ ಅಲ್ಲೆಲ್ಲೋ ಬರೆದಿದೆಯೇನೋ ಅನ್ನುವಂತೆ.

ಕಿಡಿಗೆ ಆ ನೋಟ ಗೊತ್ತಿತ್ತು. ಎಷ್ಟೋ ತಿಂಗಳಿಂದ ತಾನೂ ಹಾಗೆಯೇ ನೋಡುತ್ತಿದ್ದ.

"ಹಾಡ್ತಾ ಇದೆಯಲ್ಲೋ," ಅಂದ ಮೇಸ್ತ್ರಿ, ಬೇಕಾದ್ದಕ್ಕಿಂತ ಗಟ್ಟಿಯಾಗಿ. "ಗಂಟೆ ಹಾಗೆ ಹಾಡ್ತಿದೆ. ಸುಮ್ನೆ ಇಲ್ಲದ ಇರುವೆ ಬಿಟ್ಕೊಂಡು..."

"ಮಾವ," ಅಕ್ಕ ಗೇಟಿನ ಗೆರೆ ದಾಟಿ ಒಳಗೆ ಬಂದಿದ್ದಳು. "ಆ ಕೆಳಗಡೆ ಇನ್ನೊಂದ್ಸಲ ಬಡೀರಿ. ಅಲ್ಲಿ ಬೇರೆ ಥರ ಬಂತು."

"ಕಲ್ಲು ಬಡಿಯೋದು ಬಟ್ಟೆ ಹೊಲಿದ ಹಾಗಲ್ಲಮ್ಮ."

"ಬಡೀರಿ ಮಾವ."

ಬಡಿದ. ಈ ಸಲ ಭಾವನೂ ಕತ್ತೆತ್ತಿದ. "ಹೌದು," ಅಂದ ಮೆತ್ತಗೆ. "ಬೊದ್ ಅಂತು." ಪ್ರೆಸ್ಸಿನವರಲ್ಲಿ ಒಬ್ಬ, ಸಾಣೆಯ ಗಂಧಗಾಳಿ ಇಲ್ಲದವನು, ತಾನೂ ತಲೆಯಾಡಿಸಿದ.

ಭಾವ ಒಂದು ಅರಿವೆಯನ್ನು ನೀರಿನಲ್ಲಿ ಅದ್ದಿ ಕಲ್ಲಿನ ಮೇಲೆ ಆ ಜಾಗದಲ್ಲಿ ಒರೆಸಿ, ಒಣಗಲು ಬಿಟ್ಟ. ಎಲ್ಲರೂ ಕಾದರು. ಕಲ್ಲು ಬೆಳ್ಳಗೆ ಒಣಗುತ್ತಾ ಬಂತು. ತೂತಿನ ಅಂಚಿನಿಂದ ಹೊರಗಿನವರೆಗೆ, ಕಿಡಿಯ ಸೀಮೆಸುಣ್ಣದ ಗುರುತನ್ನು ಸೀಳಿಕೊಂಡು ಹೋದ ಒಂದೇ ಒಂದು ಎಳೆ ಮಾತ್ರ ಒದ್ದೆಯಾಗಿಯೇ ಉಳಿಯಿತು. ಕೂದಲಿನಷ್ಟು ಸಣ್ಣದು.

ಭಾವ ತನ್ನ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡ. ಅದು ಅಲ್ಲೇ ಇದೆಯೋ ಇಲ್ಲವೋ ಎಂದು ನೋಡಿಕೊಂಡಂತೆ. ಅಕ್ಕ ಹೋಗಿ ಅವನ ಪಕ್ಕ ನಿಂತಳು. ಅಲ್ಲಿಂದ ಕಿಡಿಯ ಕಡೆ ನೋಡಿದಳು. ಆ ನೋಟದಲ್ಲಿ ಏನಿತ್ತೋ, ಅವನು ಪೂರ್ತಿ ನೋಡಲಾರದೆ ಕಣ್ಣು ತಪ್ಪಿಸಿದ. ಕಲ್ಲು ಸಿಡಿಯಲಿಲ್ಲ ಎಂಬುದು ತಲೆಗೆ ಹೋಗಿತ್ತು, ಎದೆಗೆ ಇನ್ನೂ ಇಳಿದಿರಲಿಲ್ಲ. ಉಳಿದ ಯಂತ್ರಗಳ ಮೇಲೂ ಅವನ ಗುರುತಿನ ಕಲ್ಲುಗಳೇ ಇದ್ದವು.

"ಅವನ್ನೆಲ್ಲ ಇಳಿಸಿ," ಅಂದ ಕಿಡಿ, ಭಾವನಿಗೆ. "ಅಕ್ಕನ ಹತ್ರ ಬಡಿಸಿ."

ಮೇಸ್ತ್ರಿ ಆಗ ಕಿಡಿಯ ಕಡೆ ತಿರುಗಿದ. ಅವನ ಮುಖ ಕೆಂಪಾಗಿತ್ತು. "ಕಿವುಡ ಮುಂಡೇದೇ," ಅಂದ. "ಒಂದು ಜೀವ ತೆಗೀತಿದ್ದೆಯಲ್ಲೋ. ಬ್ರಹ್ಮಾಂಡ ಕೇಳಿಸ್ಕೊಂಡವನ ಹಾಗೆ ಹಾಡ್ತು ಅಂದೆಯಲ್ಲ. ಕೇಳಿಸ್ದೇ ಇದ್ದವನು ಹಾಡ್ತು ಅಂತ ಯಾಕೋ ಅಂದೆ? ಕೇಳಿಸ್ದೇ ಇರೋವಾಗ ಹಾಡ್ತು ಅನ್ನೋವನು ಎಂಥಾ ಮನುಷ್ಯನೋ?"

ಕಿಡಿಯ ನಾಲಿಗೆಯ ತುದಿಗೆ ಉತ್ತರ ಬಂದು ನಿಂತಿತ್ತು. ಆರೇಳು ಮಾತು ಸಾಕು. ಮೇಸ್ತ್ರಿಯ ಕಿವಿಯೂ ಮೇಸ್ತ್ರಿತನವೂ ಬಯಲಾಗಿ, ಬೆಳಗಿನ ಕತ್ತೆ, ಪೊರಕೆ, ಎಲ್ಲದಕ್ಕೂ ಒಂದೇ ಏಟಿಗೆ ಬಡ್ಡಿ ಸಮೇತ ತೀರುತ್ತಿತ್ತು. ಅಂಥ ಹರಿತವಾದ ಮಾತು ಅವನ ಬಾಯಿಗೆ ಈ ಜನ್ಮದಲ್ಲಿ ಬಂದಿರಲಿಲ್ಲ. ಅವನು ಬಾಯಿ ತೆರೆದ.

ಮೂಲೆಯಲ್ಲಿ ತಾತ, ಯಾರು ಏನಂದರೆಂದು ತಿಳಿಯದೆ, "ಹೂಂ ಹೂಂ" ಎಂದು ತಲೆಯಾಡಿಸುತ್ತಿದ್ದ.

ಕಿಡಿ ಬಾಯಿ ಮುಚ್ಚಿದ. ಕಿವಿಯ ಮೇಲಿನ ಪೆನ್ಸಿಲ್ಲು, ಜೇಬಿನ ಸೀಮೆಸುಣ್ಣದ ತುಂಡು, ಎರಡನ್ನೂ ತೆಗೆದು ಭಾವನ ಯಂತ್ರದ ಮೇಲಿಟ್ಟ.

"ಏನೋ ನೋಡ್ತೀಯ?" ಮೇಸ್ತ್ರಿಯ ದನಿ ಒಡೆದಿತ್ತು. "ಮಾತಾಡು. ಹಲ್ಲು ಕೀಳಿಸ್ಕೊಳ್ಳೋಕೆ ಹೋದ್ಯೋ, ನಾಲಿಗೆ ಕೀಳಿಸ್ಕೊಳ್ಳೋಕೆ ಹೋದ್ಯೋ?"

ಯಾರೋ ಒಬ್ಬ ನಕ್ಕ. ಜೊತೆಗೆ ಯಾರೂ ಸೇರಲಿಲ್ಲ.

ಆಸ್ಪತ್ರೆಯಲ್ಲಿ ಊಟದ ಹೊತ್ತು ಮುಗಿದಿರಬೇಕು. ಪರೀಕ್ಷೆ ಮಾಡುವಾಕೆ ಸದ್ದನ್ನು ತುಂಡು ತುಂಡಾಗಿ ಕಳಿಸುತ್ತೇನೆ ಅಂದಿದ್ದಳು. ಕಿಡಿ ತಿರುಗಿ ಗೇಟಿನ ಕಡೆ ನಡೆದ. ಬೆನ್ನ ಹಿಂದೆ ಮೇಸ್ತ್ರಿ ಕಲ್ಲನ್ನು ಬಡಿಯುವುದು ಕೇಳಿಸಿತು, ಅದೇ ಜಾಗದಲ್ಲಿ, ಮತ್ತೆ, ಮತ್ತೆ. ಕಲ್ಲು ಏನನ್ನುತ್ತಿತ್ತೋ ಕಿಡಿಗೆ ತಿಳಿಯಲಿಲ್ಲ. ಅವನು ನಿಲ್ಲಲಿಲ್ಲ.